ಬಲತೊಡೆಯ ಲಕ್ಷ್ಮಿ

ಜನವರಿ ೬, ಸೋಮವಾರ

ಹಾಸನಕ್ಕೆ ಹೋಗಿ ಬಂದೆ. ಸೊಂಟದಲ್ಲಿ ನೋವು, ಹೊಟ್ಟೆಯಲ್ಲಿ ಉರಿ. ನೋವಿಗೆ ಬಸ್ಸು ಕಾರಣ, ಉರಿಗೆ ದೇವರಾಜು.

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಸಿಟ್ಟಿನಲ್ಲಿ ಎಲ್ಲ ಕಲಸುಮೇಲೋಗರ ಆಗುತ್ತದೆ. ಹಾಸನದಲ್ಲಿ ಭಾನುಪ್ರಿಯಾ ಅಂತ ಒಬ್ಬಳಿದ್ದಾಳೆ. ದುದ್ದದ ಕಡೆಯವಳು, ಚಿತ್ರಕಲೆಯಲ್ಲಿ ದೊಡ್ಡ ಓದು ಓದಿ ಬಂದವಳು. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಅಚ್ಚಿನ ಪ್ರೆಸ್ ಇಟ್ಟಿದ್ದಾಳೆ, ಕಬ್ಬಿನ ಹಾಲಿನ ಗಾಡಿಯ ಹಾಗೆ ಚಕ್ರ ತಿರುಗಿಸುವಂಥದ್ದು. ಅವಳ ಯೋಜನೆ ಇದು: ನಾಲ್ಕು ತಾಲೂಕಿನ ನಾಲ್ಕು ಜನ ಕಲಾವಿದರು ತಲಾ ಒಂದು ಚಿತ್ರ ಕೊರೆದು, ಅದರಿಂದ ಹದಿನೈದು ಪ್ರತಿ ಅಚ್ಚು ತೆಗೆಯಬೇಕು. ನಾಲ್ವರದೂ ಒಂದೊಂದು ಹಾಳೆ ಸೇರಿಸಿ, ಬಟ್ಟೆ ಹೊದಿಸಿದ ಪೆಟ್ಟಿಗೆಯೊಳಗೆ ಇಟ್ಟರೆ ಅದೊಂದು ಪೋರ್ಟ್‌ಫೋಲಿಯೋ. ಫೆಬ್ರವರಿ ಹದಿನಾರಕ್ಕೆ ಹಾಸನದಲ್ಲೇ ಪ್ರದರ್ಶನ. ಒಬ್ಬರು ಕೈಕೊಟ್ಟರೂ ಪೆಟ್ಟಿಗೆ ಇಲ್ಲ.

ಹೊಳೆನರಸೀಪುರದಿಂದ ನಾನು. ಹಾಸನಕ್ಕೆ ಭಾನುಪ್ರಿಯಾ ತಾನೇ. ಅರಕಲಗೂಡಿನಿಂದ ಪೃಥ್ವಿರಾಜ್, ಫೋಟೋ ಸ್ಟುಡಿಯೋದವನು. ಇವತ್ತಿನ ಮೀಟಿಂಗಿಗೆ 'ಗೊರೂರು ದಾಟ್ದೆ ಮೇಡಂ' ಅಂತ ಫೋನ್ ಮಾಡಿದ. ಸಂಜೆಯವರೆಗೂ ಗೊರೂರು ದಾಟುತ್ತಲೇ ಇದ್ದ. ಚನ್ನರಾಯಪಟ್ಟಣದಿಂದ ಯಾರು ಅಂದರೆ, ದೇವರಾಜು.

ಈ ದೇವರಾಜು ಎಂಬ ಪ್ರಾಣಿ ನನ್ನ ಹಾಗೆಯೇ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಜಿಲ್ಲಾ ಮಟ್ಟದ ಶಿಕ್ಷಕರ ಸ್ಪರ್ಧೆಯಲ್ಲಿ ನಾನು ಎಷ್ಟು ಸಲ ಎರಡನೆಯವಳಾದೆನೋ ಅಷ್ಟು ಸಲವೂ ಮೊದಲನೆಯವನು ಇವನೇ. ಪ್ರತಿ ವರ್ಷವೂ ತೆಂಗಿನಮರ. ಒಂದು ವರ್ಷ ಎಡಕ್ಕೆ ಬಾಗಿರುತ್ತಿತ್ತು, ಒಂದು ವರ್ಷ ಬಲಕ್ಕೆ.

ಅಚ್ಚಿನ ಕೆಳಗೆ ಕಲಾವಿದರು ಪೆನ್ಸಿಲ್ಲಿನಲ್ಲಿ ಚಿತ್ರದ ಹೆಸರು ಬರೆದು ಸಹಿ ಹಾಕಬೇಕಂತೆ. ಆ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ನಿವೃತ್ತಿಯಾಗುವ ತನಕ ಮಂತ್ರಿಗಳ ಸ್ವಾಗತ ಫಲಕ ಬರೆದೆ, ವಾರ್ಷಿಕೋತ್ಸವದ ಪರದೆ ಬರೆದೆ, ಹೆಡ್‌ಮೇಷ್ಟ್ರ ಮಗಳ ಮದುವೆಗೆ ಮಂಟಪದ ನವಿಲನ್ನೂ ಬರೆದೆ. ಯಾವುದರ ಕೆಳಗೂ 'ಹಂಸ' ಅಂತ ಇಲ್ಲ. ಈ ಸಲ ಇರಬೇಕು. ಇದ್ದರೆ ಮೇಲಿನ ಹಾಳೆಯಲ್ಲೇ ಇರಬೇಕು. ಪೆಟ್ಟಿಗೆ ತೆರೆದರೆ ಮೊದಲು ಯಾರ ಚಿತ್ರ ಎಂದು ಕೇಳಿದೆ. "ಯಾರದು ಮೊದಲು ಮುಗಿಯುತ್ತೋ ಅವರದು ಮೇಡಂ" ಅಂದಳು. "ನೋಡುವಾ ಬುಡಿ" ಅಂದ ದೇವರಾಜು, ನನ್ನ ಕಡೆ ತಿರುಗಿ ನಕ್ಕು. ಆಗಲಿ, ನೋಡೇಬಿಡೋಣ.

ಮಧ್ಯಾಹ್ನ ಭಾನುಪ್ರಿಯಾಳ ತಾಯಿ ಪಾರ್ವತಮ್ಮ ಊಟಕ್ಕೆ ಏಳಿ ಅಂದರು. ನಡುಮನೆಯಲ್ಲಿ ಬುದ್ಧನ ಪಟ. ನನಗೆ ಹೊರಗಿನದು ಒಗ್ಗುವುದಿಲ್ಲ, ಡಬ್ಬಿ ತಂದಿದ್ದೇನೆ ಎಂದೆ. ಪಾರ್ವತಮ್ಮ ಮತ್ತೆ ಬಲವಂತ ಮಾಡಲಿಲ್ಲ. ದೇವರಾಜು ಎರಡು ಮುದ್ದೆ ಹೊಡೆದ. ಹಿತಕಿದ ಅವರೇಕಾಳಿನ ಸಾರಿನ ಘಮ ಶೆಡ್ಡಿನವರೆಗೂ ಬಂತು. ನಾನು ನನ್ನ ಮೊಸರನ್ನ ತಿಂದೆ.

ಜನವರಿ ೯, ಗುರುವಾರ

ವಿಷಯ ನಿರ್ಧಾರವಾಯಿತು. ಊರ ದೇವರು ಲಕ್ಷ್ಮೀನರಸಿಂಹ. ದೇವರಾಜು ಬೇಕಾದರೆ ತೆಂಗಿನ ತೋಪನ್ನೇ ಕೊರೆಯಲಿ, ನರಸಿಂಹನ ಮುಂದೆ ತೆಂಗಿನಕಾಯಿ ಒಡೆಯಲೇಬೇಕು.

ಕೊರೆಯಲು ಹಲಗೆ ಬೇಕಲ್ಲ. ಲೈನೋಲಿಯಂ ಹಾಳೆಯಲ್ಲಿ ಕೊರೆಯಿರಿ, ಮೃದು ಇರುತ್ತೆ ಅಂದಿದ್ದಳು ಭಾನುಪ್ರಿಯಾ. ನನಗೆ ಮರವೇ ಬೇಕು. ಅತ್ತಿಗೆಗೆ ಹೇಳಿದೆ. ಗೋದಮ್ಮ ಎಂಬ ಈ ನನ್ನ ಅತ್ತಿಗೆಗೆ ಅರವತ್ತೈದಾದರೂ ಕಿತಾಪತಿಯಲ್ಲಿ ಹದಿನಾರು. ಅಣ್ಣ ದೇವಸ್ಥಾನಕ್ಕೆ ಹೋಗಿದ್ದಾಗ ಅಟ್ಟಕ್ಕೆ ಏಣಿ ಹಾಕಿಸಿ ಹಲಸಿನ ಮಣೆ ಇಳಿಸಿದಳು. ಅಪ್ಪನ ಕಾಲದ ಮಣೆ. ವರ್ಷಕ್ಕೆ ಒಂದೋ ಎರಡೋ ಸಲ, ಹಬ್ಬ ಹರಿದಿನಕ್ಕೆ, ಅಣ್ಣ ಅದರ ಮೇಲೆ ಕೂತು ಪೂಜೆ ಮಾಡುತ್ತಾನೆ.

"ಅಣ್ಣ ಕೇಳಿದರೆ?"

"ಕೇಳಿದಾಗ ನೋಡ್ಕೊಳ್ಳೋಣ ಕಣೇ. ಪ್ಲಾಸ್ಟಿಕ್ ಸ್ಟೂಲು ಇದೆಯಲ್ಲ."

ಮಣೆಯ ಕಾಲು ತೆಗೆಸಿ, ಉಜ್ಜಿಸಿ ತಂದೆ. ಬೆಣ್ಣೆಯ ಹಾಗೆ ಹಳದಿ. ಚಿಕ್ಕದಾದ್ದರಿಂದ ಶಂಖ ಚಕ್ರಕ್ಕೆಲ್ಲ ಜಾಗವಿಲ್ಲ. ಕೂತ ನರಸಿಂಹ, ತೊಡೆಯ ಮೇಲೆ ಲಕ್ಷ್ಮಿ, ಇಬ್ಬರೇ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಲು ಹೋದ ಕಡೆಯೆಲ್ಲ 'ಏನೋ ಮಾಡ್ತಿದೀರಂತೆ' ಎಂದು ಕೇಳುತ್ತಾರೆ. ಅತ್ತಿಗೆಯ ಬಾಯಿ ಪಂಚಾಯ್ತಿ ನಲ್ಲಿ ಇದ್ದ ಹಾಗೆ, ಬಂದರೆ ನಿಲ್ಲುವುದಿಲ್ಲ. ಕಬ್ಬು ತಿಂದು ನಾಲಿಗೆ ಸೀಳಿದೆ.

ಜನವರಿ ೧೯, ಭಾನುವಾರ

ಚಿತ್ರ ಮಣೆಗೆ ಇಳಿಯಿತು. ಅಚ್ಚಿನ ಗುಟ್ಟು ಗೊತ್ತಲ್ಲ, ಶಾಲೆಯ ಮೊಹರಿನ ಹಾಗೆ. ಮರದಲ್ಲಿ ಎಡಗಡೆ ಇದ್ದದ್ದು ಹಾಳೆಯಲ್ಲಿ ಬಲಗಡೆ ಬರುತ್ತದೆ. ಅದಕ್ಕೆ ಚಿತ್ರವನ್ನು ಟ್ರೇಸಿಂಗ್ ಹಾಳೆಯಲ್ಲಿ ತೆಗೆದು, ಹಾಳೆ ಮಗುಚಿ, ತಿರುಗುಮುರುಗಾಗಿ ಮಣೆಗೆ ಇಳಿಸಿದೆ. ಗ್ರೂಪಿನಲ್ಲಿ ದೇವರಾಜು ಬೇರೆ ಧ್ವನಿ ಸಂದೇಶ ಹಾಕಿದ್ದಾನೆ: "ಎಲ್ರೂ ವಸಿ ಗ್ಯಾನ ಮಡೀಕಳಿ, ಬ್ಲಾಕ್‌ನಾಗೆ ಎಲ್ಲಾ ತೆಪ್ಪಾಗಿ ಕಾಣ್ಬೇಕು, ಆವಾಗ್ಲೇ ಹಾಳೆನಾಗೆ ಸರಿಯಾಗಿ ಬರಾದು." ಎಲ್ರೂ ಅಂದರೆ ನಾನು. ಮೇಷ್ಟರಿಗೇ ಪಾಠ.

ಮಧ್ಯಾಹ್ನ ಅತ್ತಿಗೆ ಕಾಫಿ ತಂದವಳು ಮಣೆ ನೋಡಿ ಕೆನ್ನೆ ಬಡಿದುಕೊಂಡಳು. "ಏನೇ ಹಂಸ ಇದು! ಅಮ್ಮನವರನ್ನ ಬಲಗಡೆ ಕೂರಿಸಿದೀಯ!"

ನೋಡಿದೆ. ಹೌದು! ಹುಟ್ಟಿದಾಗಿನಿಂದ ದಿನಾ ನೋಡಿದ ದೇವರು. ಲಕ್ಷ್ಮಿ ಎಡತೊಡೆಯಲ್ಲಿ ಅಲ್ಲದೆ ಬೇರೆ ಎಲ್ಲಾದರೂ ಕೂತದ್ದುಂಟೇ? ಪಾಪ ಸುತ್ತಿಕೊಳ್ಳುತ್ತದೆ ಎಂದು ಗಡಿಬಿಡಿಯಲ್ಲಿ ಅದನ್ನೆಲ್ಲ ಉಜ್ಜಿ ಅಳಿಸಿ, ಸಂಜೆಯೊಳಗೆ ಸರಿಯಾಗಿ ಬರೆದೆ. ಈಗ ನೋಡಲು ಹಿತವಾಗಿದೆ. ನಾಳೆಯಿಂದ ಉಳಿ.

ಜನವರಿ ೨೬, ಭಾನುವಾರ

ಮುಗಿಯಿತು! ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿದೆ, ಆದರೆ ಮುಗಿಯಿತು. ಕೇಸರದ ಒಂದೊಂದು ಎಳೆಯನ್ನೂ ಬಿಡಿಸಿದ್ದೇನೆ.

ದೇವರಾಜುವಿನದೂ ಮುಗಿಯಿತಂತೆ. ಪಟ್ಟಣದ ಸಂತೆಯಲ್ಲಿ ಕೊಬ್ಬರಿ ರಾಶಿ. ತೆಂಗಿನಮರದಿಂದ ಕೊಬ್ಬರಿಗೆ ಬಂದಿದ್ದಾನೆ, ಪ್ರಗತಿಯೇ. "ಮಂಗ್ಳಾರ ಅಚ್ಚು ತೆಗ್ಯಕೆ ಓಗನಾ ಮೇಡಮ್ನೋರೆ?" ಎಂದು ಫೋನ್ ಮಾಡಿ ಕೇಳಿದ. "ಮಂಗಳವಾರ ಭಾನುಪ್ರಿಯಾಗೆ ಬೇರೆ ಏನೋ ಕೆಲಸ ಇದೆಯಂತಲ್ಲ" ಎಂದೆ. ಸುಳ್ಳಲ್ಲ. ಆ ಬೇರೆ ಕೆಲಸ ಎಂದರೆ ನನ್ನ ಅಚ್ಚು. ನಾನು ಅಷ್ಟು ಬಿಡಿಸಿ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಅತ್ತಿಗೆಗೆ ಹೇಳಿದೆ. ಇಬ್ಬರೂ ಸೇರಿ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಜನವರಿ ೨೮, ಮಂಗಳವಾರ

ಮೊದಲ ಬಸ್ಸಿಗೇ ಹೊರಟೆ. ಮಣೆಯನ್ನು ಅತ್ತಿಗೆಯ ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. "ಮಗೂ ತಲೆ ಜ್ವಾಪಾನ ಕಣಮ್ಮ, ಕಂಬಿಗೆ ತಾಕ್ತದೆ" ಅಂದ ಕಂಡಕ್ಟರ್. ತಟ್ಟಿ ಮಲಗಿಸುವ ಹಾಗೆ ಎರಡು ಸಲ ತಟ್ಟಿದೆ.

ಭಾನುಪ್ರಿಯಾ ಮಣೆಗೆ ರೋಲರಿನಿಂದ ಶಾಯಿ ಬಳಿದಳು. ಹಾಳೆ ಹಾಸಿ, ಮೇಲೆ ಕಂಬಳಿ ಬಟ್ಟೆ ಹೊದಿಸಿ, ಚಕ್ರ ತಿರುಗಿಸಿದಳು. ಹಾಳೆಯ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದಳು. ಕೇಸರ ಬಂತು, ಹಲ್ಲು ಬಂತು, ಏನು ಗತ್ತು ನರಸಿಂಹನದು! ಆಮೇಲೆ ಲಕ್ಷ್ಮಿ ಬಂದಳು, ಬಲತೊಡೆಯ ಮೇಲೆ.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಹತ್ತೊಂಬತ್ತನೇ ತಾರೀಕಿನ ಕಾಫಿ ನೆನಪಾಯಿತು. ತಪ್ಪಾಗಿದ್ದದ್ದೇ ಸರಿಯಾಗಿತ್ತು. ಅದನ್ನು ಸರಿ ಮಾಡಿ ತಪ್ಪು ಮಾಡಿದೆ. ಹೆಂಡತಿಯ ಜಾಗ ಎಡತೊಡೆ, ಬಲತೊಡೆ ಮಕ್ಕಳ ಜಾಗ. ನಮ್ಮ ಕೇರಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಡ್ರಾಯಿಂಗ್ ಟೀಚರ್ ಹಂಸಗೆ ಗೊತ್ತಾಗಲಿಲ್ಲ.

"ಎಷ್ಟು ಚೆನ್ನಾಗಿ ಕಪ್ಪು ಹಿಡಿದಿದೆ ಮೇಡಂ!" ಎಂದು ಭಾನುಪ್ರಿಯಾ ಕುಣಿಯುತ್ತಿದ್ದಳು. ನಾನು ಸ್ಟೂಲು ಎಳೆದುಕೊಂಡು ಕೂತೆ.

ಆಗಲೇ ಹೊರಗೆ ಸ್ಕೂಟರ್ ಸದ್ದು. ದೇವರಾಜು! ಮುಂದೆ ಒಂದು ಚೀಲ ಎಳನೀರು. "ಭಾನುಗೆ ಬ್ಯಾರೆ ಕೆಲಸ ಐತೆ ಅಂದ್ರಲ್ಲಾ ಮೇಡಮ್ನೋರೆ, ವಸಿ ಕೈ ಜೋಡ್ಸನ ಅಂತ ಬಂದೆ" ಅಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಳೆ ನೋಡಿದ, ಮಣೆ ನೋಡಿದ, ಮತ್ತೆ ಹಾಳೆ ನೋಡಿದ. ಅವನಿಗೆ ತಿಳಿಯಿತು ಅಂತ ನನಗೆ ತಿಳಿಯಿತು. 'ಅವತ್ತೇ ಯೋಳಿದ್ನಲ್ಲ' ಎಂಬ ಒಂದು ಮಾತಿಗೆ ಹಲ್ಲು ಕಚ್ಚಿ ಕಾದೆ. ಅವನು ಮಚ್ಚು ತೆಗೆದು ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟ. "ಕುಡೀರಿ" ಅಂದ. ಅಷ್ಟೇ.

ಜನವರಿ ೨೯, ಬುಧವಾರ

ಬರೆಯಲು ಏನೂ ಇಲ್ಲ. ಅತ್ತಿಗೆ ಹುಳಿ ಮಾಡಿದ್ದಳು, ಉಪ್ಪು ಹಾಕಿದ್ದಳೋ ಇಲ್ಲವೋ ತಿಳಿಯಲಿಲ್ಲ. ದೇವರಾಜ್ ಯಾಕೆ ನಗಲಿಲ್ಲ?

ಜನವರಿ ೩೧, ಶುಕ್ರವಾರ

ಡಾಕ್ಟರು ಕೈಗೆ ಕಟ್ಟು ಹಾಕಿ, ಇನ್ನು ಒಂದು ತಿಂಗಳು ಉಳಿ ಮುಟ್ಟಬೇಡಿ ಅಂದರು. ಎಂದರೆ ಬೇರೆ ಹಲಗೆ ಕೊರೆಯುವ ಆಸೆಗೂ ಕಲ್ಲು ಬಿತ್ತು.

ಅತ್ತಿಗೆಗೆ ವಿಷಯ ಹೇಳಿದೆ. ಮೊದಲು ಪೆಚ್ಚಾದಳು, ತಪ್ಪಿನಲ್ಲಿ ಅರ್ಧ ಪಾಲು ಅವಳದೇ ಅಲ್ಲವೇ. ಆಮೇಲೆ ತಲೆ ಓಡಿಸಿದಳು. "ಲಕ್ಷ್ಮಿಯನ್ನ ಪ್ರಹ್ಲಾದ ಮಾಡಿಬಿಡೋಣ. ಪ್ರಹ್ಲಾದ ಬಲಗಡೆ ಕೂರಬಹುದು. ಓಲೆ ಕೆತ್ತಿ ಹಾಕು, ತುರುಬು ಕೆತ್ತಿ ಹಾಕು..." ಎನ್ನುತ್ತಾ ಕೆಳಕ್ಕೆ ಬಂದವಳು ಎದೆಯ ಹತ್ತಿರ ನಿಂತು ನಾಚಿದಳು. ಅಳುವ ಹೊತ್ತಿನಲ್ಲೂ ನಗು ಬಂತು.

ಸಂಜೆ ದೇವರಾಜ್ ಫೋನ್. "ಇನ್ನೊಂದು ಹಲಗೆ ತಂದ್ಬುಟ್ಟು ನಾನೇ ಕೊರ್ದು ಕೊಡ್ಲಾ ಮೇಡಮ್ನೋರೆ? ನಿಮ್ಮ ಗೆರೆ ಮ್ಯಾಲೇ ಓಯ್ತೀನಿ, ಕೂದ್ಲೆಳೆ ಆಚೀಚೆ ಆಗಲ್ಲ. ಯಾರ್ಗೂ ಗೊತ್ತಾಗಕಿಲ್ಲ."

ಆತ ಮಾಡಬಲ್ಲ. ಒಪ್ಪುತ್ತೇನೆ, ಕೈ ಚೆನ್ನಾಗಿದೆ. ಆದರೆ ಬೇಡ ಎಂದೆ. ಇಷ್ಟು ವರ್ಷ ನನ್ನ ಕೈಕೆಲಸದ ಮೇಲೆ ಬೇರೆಯವರ ಹೆಸರಿತ್ತು. ಈಗ ಬೇರೆಯವರ ಕೈಕೆಲಸದ ಕೆಳಗೆ ನನ್ನ ಹೆಸರು ಬರೆಯಲೇ? ತಪ್ಪೋ ಸರಿಯೋ, ಕೊರೆದದ್ದು ನಾನು.

"ಅದೂ ಸರಿಯೇ ಬುಡಿ" ಅಂದ. ಆಮೇಲೆ, "ಕೈಗೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅಚ್ಕಳಿ" ಅಂದ.

ಫೆಬ್ರವರಿ ೪, ಮಂಗಳವಾರ

ರಥಸಪ್ತಮಿ. ಬೆಳಿಗ್ಗೆ ಅಣ್ಣ ಎಕ್ಕದೆಲೆ ತಲೆಗಿಟ್ಟು ಸ್ನಾನ ಮಾಡಿ, ಅಂಗಳದಲ್ಲಿ ಸೂರ್ಯನಿಗೆ ಪೂಜೆ ಮಾಡಲು ಮಣೆ ಕೇಳಿದ. ಅತ್ತಿಗೆ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟಳು. ಒದ್ದೆ ಪಂಚೆಯಲ್ಲಿ ಅಣ್ಣ ಸ್ಟೂಲನ್ನೂ ಅವಳನ್ನೂ ನೋಡಿದ ನೋಟಕ್ಕೆ ಸೂರ್ಯನೇ ಮೋಡದ ಹಿಂದೆ ಹೋಗಬೇಕಿತ್ತು.

ಬೇರೆ ದಾರಿಯಿಲ್ಲದೆ ಮಣೆ ತಂದು ಮುಂದಿಟ್ಟೆ. ಶಾಯಿ ಒರೆಸಿದ್ದರೂ ಕಪ್ಪು ಕೂತಿತ್ತು. ಈಗ ಬೈಗುಳದ ಮಳೆ ಎಂದು ಕಣ್ಣು ಮುಚ್ಚಿದೆ. ಸದ್ದಿಲ್ಲ. ಕಣ್ಣು ತೆರೆದರೆ ಅಣ್ಣ ಬಗ್ಗಿ ನಮಸ್ಕಾರ ಮಾಡುತ್ತಿದ್ದಾನೆ! "ಅಮ್ಮನವರು ಎಡತೊಡೆಯಲ್ಲಿ. ಶಾಸ್ತ್ರೋಕ್ತವಾಗಿದೆ. ಇನ್ನು ಇದರ ಮೇಲೆ ನಾನು ಕೂರುವ ಹಾಗಿಲ್ಲ ಬಿಡು" ಎಂದು ಮಣೆಗೆ ಅರಿಶಿನ ಕುಂಕುಮ ಇಟ್ಟು, ತಾನು ಸ್ಟೂಲಿನ ಮೇಲೆ ಕೂತ.

ಮಣೆಯಲ್ಲಿ ಶಾಸ್ತ್ರೋಕ್ತ, ಹಾಳೆಯಲ್ಲಿ ಶಾಸ್ತ್ರ ತಲೆಕೆಳಗು. ಹೇಳಲು ಬಾಯಿ ತೆರೆದೆ. ಅತ್ತಿಗೆ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಅಣ್ಣ ದೇವಸ್ಥಾನದ ಸಮಿತಿಗೆ ಫೋನ್ ಹಚ್ಚಿಯಾಗಿತ್ತು. "ನಮ್ಮ ಹಂಸ ನರಸಿಂಹದೇವರನ್ನ ಮಾಡಿದಾಳೆ, ಹದಿನಾರಕ್ಕೆ ಎಲ್ಲರೂ ಹಾಸನಕ್ಕೆ ಬರಬೇಕು." ತಾನೇ ಯೋಗಾನರಸಿಂಹ ಎಂಬ ಹೆಸರಿಟ್ಟುಕೊಂಡು ಅಣ್ಣನಿಗೆ ಸುಮ್ಮನಿರಲು ಆಗುತ್ತದೆಯೇ? ಬಾಡಿಗೆ ಓಮ್ನಿಯನ್ನೂ ಹೇಳಿಬಿಟ್ಟ.

ಫೆಬ್ರವರಿ ೭, ಶುಕ್ರವಾರ

ದೊಡ್ಡ ದಿನ. ನಿಧಾನವಾಗಿ ಬರೆಯುತ್ತೇನೆ, ಎಡಗೈಯಲ್ಲಿ ಪುಸ್ತಕ ಹಿಡಿದುಕೊಂಡು.

ನನ್ನ ಹಾಳೆ ಬೇಡ, ನಾನು ಹಿಂದೆ ಸರಿಯುತ್ತೇನೆ ಎಂದು ಹೇಳಲೆಂದೇ ಹಾಸನಕ್ಕೆ ಹೋದೆ. ಇಲ್ಲದಿದ್ದರೆ ಅಣ್ಣ ಸಮಿತಿಯವರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಅಚ್ಚಿಗೇ ಹೊರಟಿದ್ದೇನೆ ಎಂದು ಅಣ್ಣ ತಿಳಿಯಲಿ ಎಂದು ಮಣೆಯನ್ನೂ ಸೀರೆಯಲ್ಲಿ ಸುತ್ತಿ ಒಯ್ದಿದ್ದೆ. ಹೋಗಿ ನೋಡಿದರೆ ಶೆಡ್ಡಿನ ತಂತಿಗೆ ಅವತ್ತು ಪರೀಕ್ಷೆಗೆ ತೆಗೆದ ನನ್ನ ಮೊದಲ ಅಚ್ಚನ್ನು ಕ್ಲಿಪ್ಪು ಹಾಕಿ ನೇತುಹಾಕಿದ್ದಾರೆ. ದೇವರಾಜ್ ಕೈಕಟ್ಟಿ ಅದರ ಮುಂದೆ ನಿಂತಿದ್ದರು.

"ಮೇಡಮ್ನೋರೆ, ಒಂದ್ ಇಚಾರ. ಈ ತಾಯಿ ಯಾಕೆ ಮ್ಯಾಕೆ ನೋಡ್ತಾವ್ಳೆ? ಗುಡಿನಾಗೆ ಲಕ್ಷ್ಮಿ ನಮ್ಮ ಕಡೆ ನೋಡಾದಲ್ವಾ? ಇವ್ಳು ಅಪ್ಪನ್ತಾವ ಪೆಪ್ಪರ್‌ಮೆಂಟ್ ಕೇಳೋಳಂಗವ್ಳೆ."

ಅಪ್ಪ ಅಂದರು. ಗಂಡ ಅನ್ನಲಿಲ್ಲ. ಬೇಕೆಂದೇ ಅಂದರೋ ಬಾಯಿ ತಪ್ಪಿ ಬಂತೋ ಗೊತ್ತಿಲ್ಲ. ನಾನು ಹಾಳೆಯನ್ನು ಮೊದಲ ಸಲ ನೋಡುವವಳಂತೆ ನೋಡಿದೆ. ಹೌದು, ಮುಖ ಎತ್ತಿ ಕೇಳುತ್ತಿದ್ದಾಳೆ. ನರಸಿಂಹ ಹಲ್ಲು ಬಿಟ್ಟಿದ್ದಾನೆ, ಆದರೆ ಉಗ್ರನಲ್ಲ, ನಗುತ್ತಿದ್ದಾನೆ.

ನಮ್ಮಪ್ಪ ಜಗುಲಿಯಲ್ಲಿ ಸಂಜೆ ಹೀಗೇ ಕೂರುತ್ತಿದ್ದರು. ನಾನು ಬಲತೊಡೆಯ ಮೇಲೆ, ಮುಂದೆ ಸ್ಲೇಟು, ನನ್ನ ಕೈ ಮೇಲೆ ಅವರ ಕೈ. ಆನೆಯನ್ನು ಬಾಲದಿಂದ ಶುರುಮಾಡುತ್ತಿದ್ದೆವು. ಸೊಂಡಿಲಿಗೆ ಬರುವ ಹೊತ್ತಿಗೆ ಸ್ಲೇಟು ಮುಗಿದುಹೋಗುತ್ತಿತ್ತು. ನಾನು ಅಳುತ್ತಿದ್ದೆ. "ಅಳಬೇಡ ಪುಟ್ಟಿ, ಸೊಂಡಿಲು ಇಲ್ಲದಿದ್ದರೆ ಹಸು ಅನ್ನೋಣ" ಎಂದು ಎರಡು ಕೊಂಬು ಬರೆದು ಕೊಡುತ್ತಿದ್ದರು.

ಅಪ್ಪ ನೆನಪಾಗಿ ದುಃಖ ಒತ್ತರಿಸಿ ಬಂತು. ಅವರಿಬ್ಬರ ಮುಂದೆಯೇ, ಕೈಗೆ ಸಿಕ್ಕ ಶಾಯಿ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡೆ. ಮುಖವೆಲ್ಲ ಕಪ್ಪಾಯಿತಂತೆ. ಯಾರೂ ಹೇಳಲಿಲ್ಲ, ಬಸ್ಸಿನ ಕ್ಲೀನರ್ ಹೇಳಿದ.

"ಭಾನು, ಅಚ್ಚು ಹಾಕೋಣ" ಎಂದೆ. "ಹೆಸರು ಬದಲಾಯಿಸಿದೀನಿ. ಲಕ್ಷ್ಮೀನರಸಿಂಹ ಅಲ್ಲ. ಮಗಳು."

ನನ್ನ ಕೈಯಲ್ಲಿ ಚಕ್ರ ತಿರುಗಿಸಲು ಆಗುವುದಿಲ್ಲವಲ್ಲ, ದೇವರಾಜರು ತಿರುಗಿಸಿದರು. ಭಾನು ಶಾಯಿ ಹಚ್ಚಿದಳು, ಹಾಳೆ ಹಾಸಿ ಎತ್ತುವುದು ನಾನು. ಒಂದು ಹಾಳೆ ಓರೆಯಾದರೆ ಮೂವರೂ ಅಯ್ಯೋ ಅನ್ನುತ್ತಿದ್ದೆವು. ನಡುವೆ ಪಾರ್ವತಮ್ಮ ಬಂದು ಬೈದರು. "ಒಟ್ಟೆ ಪಾಡು ನೋಡ್ಕಳಕಿಲ್ವಾ? ಮುದ್ದೆ ಆರೋಯ್ತದೆ ಏಳಿ ಮ್ಯಾಕೆ." ಕೈಗೆ ಕಟ್ಟು ಇದ್ದದ್ದರಿಂದ ಅವರೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಟ್ಟರು. ಈ ವರ್ಷದ ಕೊನೆಯ ಅವರೇಕಾಯಿಯಂತೆ. ಎರಡನೇ ಸಲ ಹಾಕಿಸಿಕೊಂಡೆ. ಅತ್ತಿಗೆಗೆ ಹಿತಕಿದ ಬೇಳೆ ಹೀಗೆ ಮಾಡಲು ಬರುವುದಿಲ್ಲ, ಹೇಳಿದರೆ ಕೋಪ ಮಾಡಿಕೊಳ್ಳುತ್ತಾಳೆ.

ಫೆಬ್ರವರಿ ೧೨, ಬುಧವಾರ

ಪೃಥ್ವಿರಾಜ್ ಕೊನೆಗೂ ಗೊರೂರು ದಾಟಿದ! ಹದಿನೈದು ಹಾಳೆ ಹಿಡಿದು ಬಂದ. ಅರಕಲಗೂಡಿನ ಆಲೂಗೆಡ್ಡೆ ಮೂಟೆಗಳು, ಮೂಟೆಯ ಮೇಲೆ ಮಲಗಿದ ಹಮಾಲಿ. ಇಷ್ಟು ಚೆನ್ನಾಗಿ ಮಾಡುವವನು ಇಷ್ಟು ದಿನ ಯಾಕೆ ಆಟವಾಡಿಸಿದ ಎಂದರೆ, "ನಿಮ್ಗೆಲ್ಲಾ ಎದ್ರುಕೊಂಡಿದ್ದೆ ಮೇಡಂ, ನಾನ್ ಬರೀ ಪಾಸ್‌ಪೋರ್ಟ್ ಫೋಟೋದೋನು" ಅಂದ. ಕಿವಿ ಹಿಂಡಿದೆ.

ಎಲ್ಲರೂ ಸಹಿ ಹಾಕಿದೆವು. ಭಾನುವಿನದು ದುದ್ದದ ಡೈರಿ ಮುಂದೆ ಸಾಲಿಗಿಟ್ಟ ಹಾಲಿನ ಕ್ಯಾನುಗಳು, ಜನರೇ ಇಲ್ಲ, ಆದರೂ ಯಾವ ಕ್ಯಾನು ಯಾರದು ಎಂದು ಹೇಳಬಹುದು. ದೇವರಾಜರ ಕೊಬ್ಬರಿ ರಾಶಿಯ ಮೂಲೆಯಲ್ಲಿ ಒಂದು ಕೋಳಿ ಇದೆ. ಅದು ನನಗೆ ಬಹಳ ಇಷ್ಟವಾಯಿತು. ಹೇಳಿದೆ ಕೂಡ.

ಕೊನೆಗೆ ನನ್ನ ಸರದಿ. ಎಡಗಡೆ 'ಮಗಳು', ಬಲಗಡೆ 'ಹಂಸ'. ಮೊದಲನೆಯದರಲ್ಲಿ ಅಕ್ಷರ ಸೊಟ್ಟ. ಹದಿನೈದನೆಯದರಲ್ಲಿ ಗತ್ತು ಬಂದುಬಿಟ್ಟಿತ್ತು. ತುಂಬ ಸಂತೋಷವಾಯಿತು ಎಂದು ಬರೆದುಕೊಳ್ಳುತ್ತೇನೆ.

ಪೆಟ್ಟಿಗೆಗೆ ಹಾಳೆ ಜೋಡಿಸುವಾಗ ಭಾನು ಕೇಳಿದಳು, "ಮೇಲೆ ಯಾರದಿಡಲಿ ಮೇಡಂ? ಮೊದಲು ಮುಗಿಸಿದ್ದು ನೀವೇ." ಯಾರದೋ ಇಡು, ಆಲೂಗೆಡ್ಡೆಯನ್ನೇ ಇಡು, ಬಂದದ್ದೇ ಪುಣ್ಯ ಎಂದೆ. ಆಮೇಲೆ ಪಾರ್ವತಮ್ಮನ ಹತ್ತಿರ ಸಾರಿನ ಪುಡಿಯ ಹದ ಕೇಳುತ್ತಾ ಕೂತೆ.

ಫೆಬ್ರವರಿ ೧೫, ಶನಿವಾರ

ನಾಳೆ ಪ್ರದರ್ಶನ. ಅಣ್ಣ ಹೊಸ ಪಂಚೆ ತೆಗೆದಿಟ್ಟಿದ್ದಾನೆ. ಸಮಿತಿಯ ಕಮಲಾಕ್ಷಮ್ಮ ಬರುತ್ತಾರಂತೆ. ಆಕೆ ಪಂಚಾಂಗದಲ್ಲೂ ತಪ್ಪು ಹುಡುಕುವವರು.

ಹೇಳಿಬಿಡೋಣ ಎಂದು ಹೋದೆ. "ಅಣ್ಣ, ಮಣೆಯಲ್ಲಿ ಇರುವ ಹಾಗೆ ಹಾಳೆಯಲ್ಲಿ ಇಲ್ಲ."

"ಹಾಳೆಯಲ್ಲಿ ಇನ್ನೂ ಚೆನ್ನಾಗಿರತ್ತೆ, ನಂಗೊತ್ತು" ಅಂದ. ಎಪ್ಪತ್ತರ ಹತ್ತಿರದ ಮುಖದಲ್ಲಿ ಅಷ್ಟು ಹೆಮ್ಮೆ ನೋಡಿ, ಪಂಚೆಯನ್ನು ಮತ್ತೊಮ್ಮೆ ಮಡಿಸಿಟ್ಟು ಬಂದೆ.

ಫೆಬ್ರವರಿ ೧೬, ಭಾನುವಾರ

ಓಮ್ನಿಯಲ್ಲಿ ಆರು ಜನ, ಪುಳಿಯೋಗರೆ ಡಬ್ಬಿ, ಕಮಲಾಕ್ಷಮ್ಮನ ಹೂವಿನ ಬುಟ್ಟಿ. ಹಾರ ಬೇರೆ ತಂದಿದ್ದರು, ಚಿತ್ರಕ್ಕೆ ಹಾಕಲು.

ಹಾಲ್ ತುಂಬಿತ್ತು. ಪೆಟ್ಟಿಗೆಗಳನ್ನು ಮೇಜಿನ ಮೇಲೆ ಜೋಡಿಸಿ, ನಾಲ್ಕು ಹಾಳೆಗಳನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರು. ಅಣ್ಣ ಎಲ್ಲರಿಗಿಂತ ಮುಂದೆ, ಕೈಮುಗಿದುಕೊಂಡೇ ನಡೆದ. ನನ್ನ ಚಿತ್ರದ ಮುಂದೆ ನಿಂತ. ಮುಗಿದ ಕೈ ಹಾಗೆಯೇ ನಿಂತಿತು.

ಕಮಲಾಕ್ಷಮ್ಮ ಹಾರ ಹಿಡಿದು ಬಂದವರು ಕಿರುಚಿದರು. "ಅಯ್ಯಯ್ಯೋ, ಇದೇನ್ರೀ ಯೋಗಣ್ಣ! ಅಮ್ಮನವರು ಬಲಗಡೆ! ಅಪಚಾರ! ಊರಿಗೆ ಒಳ್ಳೇದಾಗತ್ತಾ? ಮೊದಲು ಇಳಿಸಿ ಅದನ್ನ!"

ಹಾಲ್‌ನಲ್ಲಿ ಇದ್ದಬದ್ದವರೆಲ್ಲ ತಿರುಗಿದರು. ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಭಾನು ಗೋಡೆಗೂ ಕಮಲಾಕ್ಷಮ್ಮನಿಗೂ ನಡುವೆ ಬಂದು ನಿಂತು, "ಇಳಿಸೋದಾದ್ರೆ ಮೇಡಂ ಹೇಳ್ಬೇಕು, ಬೇರೆ ಯಾರೂ ಅಲ್ಲ" ಅಂದಳು. ದೇವರಾಜರು ತಮ್ಮ ಕೊಬ್ಬರಿಯ ಚೌಕಟ್ಟಿಗೆ ಕೈ ಹಾಕಿ, "ಅದುನ್ನ ಇಳ್ಸಾದಾದ್ರೆ ಇದೂ ಇಳೀಲಿ. ಒಂದ್ ಇಲ್ದಿದ್ರೆ ಪೆಟ್ಗೆನೇ ಇಲ್ಲ ಅಂತ ಮಾತಾಗೈತೆ" ಅಂದರು. ಪೃಥ್ವಿರಾಜ್ ಕೂಡ ತನ್ನ ಮೂಟೆಗಳ ಚಿತ್ರದ ಪಕ್ಕಕ್ಕೆ ಓಡಿ ನಿಂತ. ಈ ಸಲ ಹೊತ್ತಿಗೆ ಸರಿಯಾಗಿ.

ನನಗೆ ಅಣ್ಣನ ಬೆನ್ನು ಮಾತ್ರ ಕಾಣುತ್ತಿತ್ತು. "ಅಣ್ಣ, ಕೆಳಗೆ ಹೆಸರು ಬರೆದಿದೀನಿ, ಓದು" ಎಂದೆ.

ಬಗ್ಗಿದ. ಕನ್ನಡಕ ಮೇಲೆ ಮಾಡಿ ಓದಿದ. ಆಮೇಲೆ ಚಿತ್ರ ನೋಡಿದ. ಎಷ್ಟೋ ಹೊತ್ತು ನೋಡಿದ. ನೆಟ್ಟಗೆ ನಿಂತು ಕಮಲಾಕ್ಷಮ್ಮನ ಕಡೆ ತಿರುಗಿದಾಗ ದೇವಸ್ಥಾನದಲ್ಲಿ ಸಂಕಲ್ಪ ಹೇಳುವ ಧ್ವನಿ.

"ಹೆಂಡತಿಯಾದರೆ ಎಡತೊಡೆ, ಮಗಳಾದರೆ ಬಲತೊಡೆ. ಶಾಸ್ತ್ರ ಕಣ್ರೀ. ಇಲ್ಲಿ ಮಗಳು ಅಂತ ಬರೆದಿದೆ. ತಿಳಿಯದೆ ಮಾತಾಡಬಾರದು."

"ನರಸಿಂಹಸ್ವಾಮಿಗೆ ಮಗಳೆಲ್ಲಿದಾಳೆ?"

"ಇಷ್ಟು ದಿನ ಇರಲಿಲ್ಲ" ಅಂದ ಅಣ್ಣ. ಅವರ ಕೈಯಿಂದ ಹಾರ ತೆಗೆದುಕೊಂಡು ತಾನೇ ಚೌಕಟ್ಟಿಗೆ ಹಾಕಿದ. ಅರ್ಧ ಚಿತ್ರ ಮುಚ್ಚಿಹೋಯಿತು. ಭಾನು ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿದಳು.

ಪುಳಿಯೋಗರೆ ಎಲ್ಲರೂ ತಿಂದರು. ಕಮಲಾಕ್ಷಮ್ಮ ಮುನಿಸಿನಲ್ಲೇ ಎರಡು ಸಲ ಹಾಕಿಸಿಕೊಂಡರು. ಪಾರ್ವತಮ್ಮ ಮತ್ತು ಅತ್ತಿಗೆ ಒಂದು ಮೂಲೆಯಲ್ಲಿ ಕೂತು ನನ್ನ ಬಗ್ಗೆ ಏನೋ ಹೇಳಿಕೊಂಡು ನಗುತ್ತಿದ್ದರು. ದೇವರಾಜರು ಮುಂದಿನ ವರ್ಷ ಇನ್ನೂ ದೊಡ್ಡ ಹಲಗೆ ಕೊರೆಯುವಾ ಬುಡಿ ಅಂದರು. ನೋಡುವಾ ಎಂದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಸಿಟ್ಟು ಇನ್ನೂ ಇದೆ, ಮನೆಗೆ ಹೋದಮೇಲೆ ಇದೆ ನನಗೆ ಎಂದುಕೊಂಡೆ. ಮನೆ ಮುಂದೆ ಇಳಿದು, ಅತ್ತಿಗೆ ಬೀಗ ತೆಗೆಯುವಾಗ, ಅಣ್ಣ ಜಗುಲಿಯ ಮೇಲೆ ಕೂತ. ಚಪ್ಪಲಿ ಬಿಚ್ಚುತ್ತಾ, ತಲೆ ಎತ್ತದೆ ಕೇಳಿದ.

"ಅಪ್ಪನೇ ತಾನೆ ಅದು?"

"ಹೂಂ."

"ಎಡತೊಡೆ ಖಾಲಿ ಇತ್ತಲ್ಲ. ನಾನೆಲ್ಲಿ?"

ಒಮ್ಮೆಯೂ ನಾನು ಅದನ್ನು ಯೋಚಿಸಿರಲಿಲ್ಲ. "ನೀನು ಗೋಲಿ ಆಡಕ್ಕೆ ಹೋಗಿದ್ದೆ ಅಣ್ಣ, ಹೊಳೆ ಕಡೆ" ಎಂದೆ.

ಅಣ್ಣ ಚಪ್ಪಲಿಯನ್ನು ಜೋಡಿಸಿ ಪಕ್ಕಕ್ಕಿಟ್ಟ.

"ಒಂದು ಸಲ ಕೂಗಿದ್ರೆ ಬರ್ತಿದ್ದೆನಲ್ಲೇ" ಅಂದ.